ಸರಹದ್ದಿನ ನೆಪ ಹೇಳಿ ದೂರು ತಿರಸ್ಕರಿಸಬಹುದೇ?

ಪ್ರಶ್ನೆ: ಅಜ್ಜಂಪುರದಿಂದ ಕಡೂರಿಗೆ ಬರುವ ದಾರಿಯಲ್ಲಿ ಹೆಣ್ಣುಮಗಳ ಮೇಲೆ ಲೈಂಗಿಕ ದೌರ್ಜನ್ಯವಾದರೆ ದೂರು ಯಾವ ಠಾಣೆಗೆ? – ಓದುಗರೊಬ್ಬರು, ತರೀಕೆರೆ

ಉತ್ತರ: ಹತ್ತಿರ ಯಾವುದಿದೆಯೋ ಆ ಠಾಣೆಗೆ. ಅಜ್ಜಂಪುರ ತಾಲ್ಲೂಕೇ ತರೀಕೆರೆಯಿಂದ ಬೇರ್ಪಟ್ಟದ್ದು. ಗಡಿಯ ಗೊಂದಲ ಸಹಜ. ಆದರೆ ಅದನ್ನು ಬಿಡಿಸುವುದು ಪೊಲೀಸರ ಕೆಲಸ, ನೊಂದವಳದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಘಟನೆ ಎಲ್ಲೇ ನಡೆದಿರಲಿ, ದೂರು ದಾಖಲಿಸಿಕೊಳ್ಳಲೇಬೇಕು. ಇದೇ ‘ಝೀರೋ ಎಫ್‌ಐಆರ್’. ಹೇಳಿಕೆ ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯಾಗಿರಬೇಕು. ಎಫ್‌ಐಆರ್ ಪ್ರತಿಗೆ ಹಣ ಕೊಡಬೇಕಿಲ್ಲ.

ಠಾಣೆಗಿಂತ ಮೊದಲು ಆಸ್ಪತ್ರೆಗೆ ಹೋದರೂ ಸರಿಯೇ. ‘ಪೊಲೀಸ್ ಚೀಟಿ ತನ್ನಿ’ ಎಂದು ವಾಪಸು ಕಳಿಸುವಂತಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆ ಉಚಿತ, ನಿರಾಕರಿಸಿದರೆ ಶಿಕ್ಷೆಯುಂಟು. ಆಗ ಉಟ್ಟಿದ್ದ ಬಟ್ಟೆಯನ್ನು ಒಗೆಯದೆ ಪ್ಲಾಸ್ಟಿಕ್ ಬದಲು ಕಾಗದದ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಸಾಕ್ಷ್ಯ ಕೆಡುತ್ತದೆ. ಸ್ನಾನ ಮಾಡಿಬಿಟ್ಟಿದ್ದರೂ ಹಿಂಜರಿಯಬೇಡಿ. ವೈದ್ಯಕೀಯ ತಪಾಸಣೆಯ ಹೆಸರಿನಲ್ಲಿ ನಡೆಯುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ನಿಷೇಧಿಸಿದೆ.

ಮಕ್ಕಳ ವಿಷಯ ಬೇರೆ: ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಊರ ಹಿರಿಯರ ‘ರಾಜಿ’ಗೆ ಇಲ್ಲಿ ಜಾಗವೇ ಇಲ್ಲ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಚರಂಡಿ, ಕಾಂಪೌಂಡಿನ ಜೊತೆಗೆ ಸುರಕ್ಷತೆಯ ಮಾತೂ ಬರಲಿ.

ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಈ ಮೂರು ಸಂಖ್ಯೆಗಳನ್ನು ನಿಮ್ಮೂರಿನ ಶಾಲೆಯ ಗೋಡೆಯ ಮೇಲೆ ಬರೆಸಿ.