ಹಳೆಯ ತೊಟ್ಟಿಲಿಗೆ ಯಾವ ಬಣ್ಣ?

ಹಳೆಯ ಕುರ್ಚಿ, ಮಂಚಗಳಿಗೆ ಯಾವ ಬಣ್ಣ ಹಾಕಿದರೆ ಒಳ್ಳೆಯದೆಂದು ಸಂಘದ ಕಚೇರಿಗೆ ಬರುವ ಸದಸ್ಯರು ಆಗಾಗ ಕೇಳುವುದುಂಟು. ಗೊಬ್ಬರದ ಪ್ರಮಾಣ ಕೇಳಿದಷ್ಟೇ ಸಹಜವಾಗಿ ಕೇಳುತ್ತಾರೆ. ಕಾರ್ಯದರ್ಶಿಗೆ ಎಲ್ಲವೂ ತಿಳಿದಿರಬೇಕೆಂದು ಅವರ ನಂಬಿಕೆ. ಈ ವಿಷಯದಲ್ಲಿ ನಮ್ಮ ಅರ್ಹತೆಯೆಂದರೆ ನಾವೇ ಕೆಡಿಸಿದ ಒಂದು ಕುರ್ಚಿ. ಅಜ್ಜನ ಕಾಲದ ಬೀಟೆಯ ಆರಾಮಕುರ್ಚಿಗೆ, ತೋಟದ ಕೆಲಸವಿಲ್ಲದ ಬಿಡುವೆಂದು ಆಷಾಢದ ಜಡಿಮಳೆಯಲ್ಲಿ ಫ್ರೆಂಚ್ ಪಾಲಿಶ್ ಹಾಕಿಸಿದೆವು. ಸಂಜೆಯಾಗುವಾಗ ಕುರ್ಚಿಯ ತೋಳುಗಳ ಮೇಲೆ ಮಜ್ಜಿಗೆ ಚೆಲ್ಲಿದಂತೆ ಬಿಳಿ ಪೊರೆ! ಪಾಲಿಶಿನಲ್ಲಿರುವ ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಆಗ ಗಾಳಿಯ ತೇವ ಅದರಲ್ಲಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಪಾಲಿಶ್ ಒಳ್ಳೆಯದೇ ಇತ್ತು, ನಾವು ಆರಿಸಿದ ತಿಂಗಳು ಕೆಟ್ಟದಿತ್ತು.

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಗೆ ಹೋಗಿದ್ದೆವು. ಬೀಗರದು ದ್ರಾಕ್ಷಿ ಬೆಳೆಯುವ ಮನೆತನ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ಆ ಸೀಮೆಯಲ್ಲಿ ದ್ರಾಕ್ಷಿ ಶೆಡ್ಡಿನ ನೆರಳಿನಲ್ಲೇ ಒಣಗಿ ಮಣೂಕವಾಗುತ್ತದೆ. ಅಡಿಕೆ ಒಣಗಿಸಲು ಆಕಾಶ ನೋಡುತ್ತ ಕೂರುವ ನಮ್ಮಂಥವರಿಗೆ ಅಸೂಯೆ ಹುಟ್ಟಿಸುವ ಗಾಳಿ ಅದು. ಪಾಲಿಶ್ ಕೆಲಸಕ್ಕೂ ಅಂಥ ಗಾಳಿಯೇ ಬೇಕು.

ಮಗಳಿಗೆ ಎರಡನೆಯ ಹೆರಿಗೆಯ ದಿನ ಹತ್ತಿರವಿತ್ತು. ಬೀಗರು ಅಟ್ಟದಿಂದ ತಮ್ಮ ಮನೆಯ ಹಳೆಯ ತೊಟ್ಟಿಲನ್ನು ಇಳಿಸಿದ್ದರು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು. ಸಾಗುವಾನಿಯದು, ಮೂರು ತಲೆಮಾರು ಕಂಡದ್ದು. ಕಲಘಟಗಿಯ ತೊಟ್ಟಿಲೆಂದರೆ ಅರಗಿನ ಬಣ್ಣದ ಚಿತ್ತಾರಕ್ಕೆ ಹೆಸರಾದದ್ದು. ಆದರೆ ಇದರಲ್ಲಿ ಚಿತ್ತಾರವೇ ಕಾಣುತ್ತಿರಲಿಲ್ಲ. ನಡುವೆ ಯಾವಾಗಲೋ ಯಾರೋ ಅದಕ್ಕೆ ಹಳದಿ ಎನಾಮೆಲ್ ಬಣ್ಣ ಬಳಿದಿದ್ದರು. ಈಗ ಅದು ಅಲ್ಲಲ್ಲಿ ಸಿಪ್ಪೆಯೆದ್ದಿತ್ತು. ಅದೇ ಬಣ್ಣದ ಅರ್ಧ ಉಳಿದ ಡಬ್ಬಿಯೂ ಅಟ್ಟದಲ್ಲಿ ಸಿಕ್ಕಿದ್ದರಿಂದ, ಒಮ್ಮೆ ಉಜ್ಜಿ ಇನ್ನೊಂದು ಕೈ ಬಳಿಯುವುದೆಂದು ಬೀಗರು ನಿಶ್ಚಯಿಸಿದ್ದರು. ಡಬ್ಬಿಯ ಮೇಲೆ ತಯಾರಾದ ವರ್ಷವಿರಲಿಲ್ಲ.

ನಮಗೆ ಎದೆ ಧಸಕ್ಕೆಂದಿತು. ಹಳೆಯ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹೊಳಪಿನ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸದ ಅಂಶ ಬಹಳ. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ, ಮೀರಬಾರದೆಂದು ಕೇಂದ್ರ ಸರಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯನ್ನು ನಂಬುವಂತಿಲ್ಲ. ಸೀಸದ ಧೂಳು ಹೊಟ್ಟೆಗೆ ಸೇರಿದರೆ ಬೆಳೆಯುವ ಮಗುವಿನ ಮಿದುಳಿಗೆ ಪೆಟ್ಟು. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯ ದೇಹಕ್ಕೆ ಹೋದ ಸೀಸ ಹೊಟ್ಟೆಯ ಕೂಸಿಗೂ ತಲುಪುತ್ತದೆ. ಅದೇ ಪಡಸಾಲೆಯಲ್ಲಿ, ಮಗಳ ಎದುರಿಗೇ, ಆಳು ಮರಳು ಕಾಗದ ಹಿಡಿದು ಕುಳಿತಿದ್ದ.

ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ನಿಂತು ಅವರ ಅಜ್ಜನ ತೊಟ್ಟಿಲಿಗೆ ಹೆಸರಿಡುವುದು ಸುಲಭದ ಮಾತಲ್ಲ. ಆದರೂ ಹೇಳಿದೆವು. ಬೀಗರು ನಕ್ಕರು. "ನಾವೆಲ್ಲಾ ಇದರಾಗ ಮಲಗೇ ಬೆಳದೇವ್ರಿ ಬೀಗರ. ನಮಗೇನ್ ಆಗೇತಿ?" ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಳಗಿನಿಂದ ಬೀಗತಿಯವರ ದನಿ ಬಂತು: "ಏನಾಗೇತಿ ಅಂತ ನಾ ಹೇಳ್ಲೇನು?" ಪಡಸಾಲೆಯಲ್ಲಿ ಎಲ್ಲರೂ ನಕ್ಕರು, ಆಳು ಮರಳು ಕಾಗದ ಕೆಳಗಿಟ್ಟ, ಮಗಳು ಎದ್ದು ಒಳಗೆ ಹೋದಳು.

ಹಳೆಯ ಪೀಠೋಪಕರಣಕ್ಕೆ ಹೊಸ ಬಣ್ಣ ಆರಿಸುವ ಮೊದಲು ಕೆಳಗಿರುವುದು ಏನೆಂದು ತಿಳಿಯಬೇಕು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿಹಿಡಿಯಿರಿ. ಮೇಲ್ಮೈ ಅಂಟಂಟಾದರೆ ಅದು ಅರಗು, ಅಂದರೆ ಫ್ರೆಂಚ್ ಪಾಲಿಶಿನ ಜಾತಿ. ಅದಕ್ಕೆ ಜಗ್ಗದೆ ಲ್ಯಾಕರ್ ಥಿನ್ನರಿಗೆ ಕರಗಿದರೆ ಎನ್.ಸಿ. ಲ್ಯಾಕರ್. ಎರಡಕ್ಕೂ ಕರಗದೆ ಉಳಿದರೆ ಎಣ್ಣೆಬಣ್ಣ, ವಾರ್ನಿಶ್ ಅಥವಾ ಇತ್ತೀಚಿನ ಪಿ.ಯು. ಇರಬೇಕು. ತೊಟ್ಟಿಲಿನ ಹಳದಿ ಸ್ಪಿರಿಟ್‌ಗೆ ಜಗ್ಗಲಿಲ್ಲ. ಆದರೆ ಸಿಪ್ಪೆ ಬಿದ್ದಿದ್ದ ಒಂದು ಕಂಬಿಯ ಬುಡದಲ್ಲಿ ಒತ್ತಿದಾಗ ಹತ್ತಿ ಕೆಂಪಾಯಿತು. ಕಲಘಟಗಿಯ ಬಣ್ಣ ಒಳಗೆ ಇನ್ನೂ ಉಳಿದಿತ್ತು.

ಇಲ್ಲಿಂದ ತೊಡಕು. ಅಂಗಡಿಯ ಬಣ್ಣತೆಗೆಯುವ ದ್ರಾವಣ ಹಾಕಿದರೆ ಎನಾಮೆಲ್ ಜೊತೆಗೆ ಅರಗೂ ಹೋಗುತ್ತದೆ. ಒಣಗಿದ್ದನ್ನು ಉಜ್ಜಿದರೆ ಧೂಳು, ಸುಟ್ಟು ತೆಗೆದರೆ ವಿಷದ ಹೊಗೆ. ನುಣುಪಾದ ಅರಗಿನ ಮೇಲೆ ಎನಾಮೆಲ್ ಗಟ್ಟಿಯಾಗಿ ಕಚ್ಚಿರುವುದಿಲ್ಲವೆಂಬುದೇ ನಮಗಿದ್ದ ಭರವಸೆ. ತೊಟ್ಟಿಲನ್ನು ಹಿತ್ತಿಲಿಗೆ ಒಯ್ದು, ಪ್ಲಾಸ್ಟಿಕ್ ಹಾಳೆ ಹಾಸಿ, ಸಾಬೂನು ನೀರಿನಿಂದ ಒದ್ದೆ ಮಾಡುತ್ತ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿದೆವು. ಬಡಿಗೇರರೊಬ್ಬರು, ಅಳಿಯ, ನಾವು. ಮೂರು ದಿನ ಹಿಡಿಯಿತು. ಕೆರೆದ ಸಿಪ್ಪೆಯನ್ನೆಲ್ಲ ಹಾಳೆಯೊಳಗೇ ಸುತ್ತಿ ಡಬ್ಬಿಗೆ ತುಂಬಿದೆವು. ತಿಪ್ಪೆಗೂ ಬಾವಿಯ ಕಡೆಗೂ ಹೋಗಗೊಡಲಿಲ್ಲ. ಒಂದು ಮಗ್ಗುಲಿನಲ್ಲಿ ಬಳ್ಳಿ, ಗಿಳಿ, ಬಿಲ್ಲು ಹಿಡಿದ ಒಂದು ಕೈ ಕಾಣಿಸಿದವು. ಕೈಯ ಒಡೆಯ ಎನಾಮೆಲ್ ಜೊತೆಗೇ ಹೋಗಿದ್ದ. ಬೀಗರು ಬಹಳ ಹೊತ್ತು ಅಲ್ಲೇ ಕುಳಿತಿದ್ದರು.

ಅರಗೆಂದರೆ ಸಾಚಾ, ನಿರಪಾಯ ಎಂದು ಭಾವಿಸಬಾರದು. ಮುತ್ತುಗ, ಬೋರೆ ಮರಗಳ ಮೇಲಿನ ಕೀಟದಿಂದ ಬರುವ ಶುದ್ಧ ಅರಗು ಗುಳಿಗೆ, ಮಿಠಾಯಿಗಳ ಹೊದಿಕೆಗೂ ಬಳಕೆಯಾಗುತ್ತದೆ, ನಿಜ. ಆದರೆ ಹಳಬರು ಅದಕ್ಕೆ ಬಣ್ಣ ಬರಿಸಲು ಹರಿದಾಳ, ಸಿಂಧೂರಗಳನ್ನೂ ಬೆರೆಸುತ್ತಿದ್ದುದುಂಟು. ಮೊದಲನೆಯದು ಪಾಷಾಣದ ಬಂಧು, ಎರಡನೆಯದರಲ್ಲಿ ಸೀಸವೇ ಇರಬಹುದು. ಆದ್ದರಿಂದ ಹಲ್ಲು ಬರುವ ಮಗು ಎದ್ದುನಿಂತು ಕಚ್ಚುವ ಮೇಲಿನ ಪಟ್ಟಿಗಳನ್ನು ಬಿಚ್ಚಿಸಿ, ಹೊಸ ಸಾಗುವಾನಿಯಲ್ಲಿ ಮಾಡಿಸಿದೆವು. ಹಳೆಯವನ್ನು ಬೀಗರು ಎತ್ತಿಟ್ಟಿದ್ದಾರೆ.

ಮೇಲೆ ಹಾಕಿದ್ದು ಬಣ್ಣವಿಲ್ಲದ ಅರಗಿನ ಪಾಲಿಶ್. ಲೀಟರ್ ಸ್ಪಿರಿಟ್‌ಗೆ 150 ಗ್ರಾಂನಷ್ಟು ಅರಗಿನ ಚಕ್ಕೆ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಬೇಕು. ಹಳೆಯ ಅರಗಿನ ಮೇಲೆ ಹಿಂದೆಮುಂದೆ ತಿಕ್ಕಿದರೆ ಸ್ಪಿರಿಟ್‌ಗೆ ಚಿತ್ತಾರ ಕದಡುತ್ತದೆ. ಒಂದೇ ಸಲ ಹಗುರವಾಗಿ ಎಳೆದು ಕೈ ತೆಗೆಯಬೇಕು. ಆ ಗಾಳಿಗೆ ಒಂದೊಂದು ಕೈ ಅರ್ಧ ಗಂಟೆಯೊಳಗೆ ಆರಿತು. ಹೊಸ ಪಟ್ಟಿಗಳಿಗೂ ಅದನ್ನೇ ಹಾಕಿದೆವು. ಮಗು ಒದ್ದೆ ಮಾಡಿದಲ್ಲಿ ಕಲೆ ಬೀಳುವುದು ಖಂಡಿತ. ಇನ್ನೊಂದು ಕೈ ಎಳೆದರಾಯಿತು.

ನಮ್ಮ ಮಲೆನಾಡಿಗೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಜಗಲಿಯ ಬೆಂಚು, ಊಟದ ಮೇಜುಗಳಿಗೆ ನೀರು ತಾಳುವ ವಾರ್ನಿಶ್ ಅಥವಾ ಪಿ.ಯು. ಬೇಕು, ಅದೂ ಕಾಫಿ ಕೊಯ್ಲಿನ ನಂತರದ ಒಣ ದಿನಗಳಲ್ಲಿ. ಕಾಲಿನ ಅಡಿಗೂ ಮೇಜಿನ ತಳಕ್ಕೂ ಬಳಿಯಿರಿ, ತೇವ ಒಳನುಗ್ಗುವುದು ಅಲ್ಲಿಂದಲೇ. ಮೆಲಮೈನ್ ಹೊಳಪು ಚೆನ್ನಾಗಿದ್ದರೂ ಆರುವಾಗ ಫಾರ್ಮಾಲ್ಡಿಹೈಡ್ ಬಿಡುವುದರಿಂದ ಮಲಗುವ ಕೋಣೆಯೊಳಗೆ ಬಳಿಸಬೇಡಿ. ಅಗಸೆ ಎಣ್ಣೆ ಕಳ್ಳಕವಟಗಿಯಲ್ಲಿ ಸೊಗಸು, ನಮ್ಮಲ್ಲಿ ಬೂಸ್ಟಿಗೆ ಆಹಾರ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಗೋಣಿಚೀಲಗಳಿರುವ ಗೋದಾಮಿನ ಮೂಲೆಯಲ್ಲಂತೂ ಬೇಡವೇ ಬೇಡ. ನೀರಿನಲ್ಲಿ ಅದ್ದಿ, ಹರವಿ ಒಣಗಿಸಿ.

ಮೊಮ್ಮಗಳು ಈಗ ಆ ತೊಟ್ಟಿಲಲ್ಲಿ ಮಲಗುತ್ತಾಳೆ. ಹಳದಿ ಡಬ್ಬಿ ನಾವು ಹೊರಡುವ ದಿನವೂ ಅಟ್ಟದ ಮೇಲೆಯೇ ಇತ್ತು. ಬಾಗಿಲಿಗಾದರೂ ಆದೀತು ಎಂದು ಬೀಗರು ಹೇಳುತ್ತಿದ್ದರು. ಬೀಗತಿಯವರಿಗೆ ಹೇಳಿ ಬಂದಿದ್ದೇವೆ.