ಎಡಕ್ಕೂ ಬಲಕ್ಕೂ ಹಿಡಿಸಿದ ರಾನ್ ಪಾಲ್

ಯುದ್ಧ ಬೇಡವೆನ್ನುವ ಎಡಪಂಥೀಯ ವಿದ್ಯಾರ್ಥಿಯೂ ತೆರಿಗೆ ಬೇಡವೆನ್ನುವ ಬಲಪಂಥೀಯ ವ್ಯಾಪಾರಿಯೂ ಒಬ್ಬನೇ ಅಭ್ಯರ್ಥಿಗೆ ಜೈಕಾರ ಹಾಕುವುದು ಸಾಧ್ಯವೇ? ಅಮೆರಿಕದಲ್ಲಿ 2008 ಹಾಗೂ 2012ರ ಅಧ್ಯಕ್ಷೀಯ ಚುನಾವಣೆಗಳಿಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಬಯಸಿದ್ದ ಟೆಕ್ಸಾಸ್ ಸಂಸದ ರಾನ್ ಪಾಲ್ ಅವರ ವಿಷಯದಲ್ಲಿ ಅದು ಸಾಧ್ಯವಾಗಿತ್ತು.

ವೃತ್ತಿಯಿಂದ ಪ್ರಸೂತಿ ತಜ್ಞರಾದ ಪಾಲ್ ಅವರದು ಒಂದೇ ಸೂತ್ರ: ಸರ್ಕಾರದ ಅಧಿಕಾರ ಕುಗ್ಗಬೇಕು. ಆದಾಯ ತೆರಿಗೆಯನ್ನು ವಿರೋಧಿಸಿದ ಅವರು ಅದೇ ತರ್ಕದಿಂದ 2002ರಲ್ಲಿ ಇರಾಕ್ ಯುದ್ಧದ ಗೊತ್ತುವಳಿಯನ್ನೂ ವಿರೋಧಿಸಿ ಮತ ಚಲಾಯಿಸಿದರು. ಜನಪ್ರತಿನಿಧಿ ಸಭೆಯಲ್ಲಿ ಆ ಧೈರ್ಯ ತೋರಿದ ರಿಪಬ್ಲಿಕನ್ನರು ಕೇವಲ 6 ಮಂದಿ. ಸರ್ಕಾರಿ ಆರೋಗ್ಯ ಸೇವೆಗೂ ಅವರ ವಿರೋಧವಿತ್ತು. ಎಡಪಂಥೀಯ ಅಭಿಮಾನಿಗಳು ಅದನ್ನು ಕಂಡೂ ಕಾಣದಂತಿದ್ದರು ಎನ್ನಬೇಕು.

2007ರ ಡಿಸೆಂಬರ್ 16ರಂದು ಒಂದೇ ದಿನ ಅಂತರಜಾಲದ ಮೂಲಕ ಅವರಿಗೆ ಹರಿದು ಬಂದ ದೇಣಿಗೆ ಸುಮಾರು 60 ಲಕ್ಷ ಡಾಲರ್. ಆದರೆ ಮತ?

ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ 'ಪ್ರೈಮರಿ'ಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಯಾವ ಪಕ್ಷಕ್ಕೂ ಸೇರದವರು ಸಹ ಮತ ಹಾಕಬಹುದಾದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಪಾಲ್ 2012ರಲ್ಲಿ ಸುಮಾರು ಶೇ 23 ಮತ ಪಡೆದು ಎರಡನೆಯವರಾದರು. ಪಕ್ಷದಲ್ಲಿ ನೋಂದಾಯಿಸಿಕೊಂಡವರಿಗಷ್ಟೇ ಅವಕಾಶವಿದ್ದ ಫ್ಲೋರಿಡಾದಲ್ಲಿ ದಕ್ಕಿದ್ದು ಶೇ 7. ಅಲ್ಲಿ ಅವರು ಹೆಚ್ಚು ಪ್ರಚಾರ ನಡೆಸಿರಲಿಲ್ಲವೆಂಬುದೂ ನಿಜ. ಟಿಕೆಟ್ ಮೊದಲ ಸಲ ಜಾನ್ ಮೆಕೇನ್ ಪಾಲಾಯಿತು, ಎರಡನೇ ಸಲ ಮಿಟ್ ರಾಮ್ನಿ ಪಾಲಾಯಿತು.