ಗಂಟಲಿಗಿಳಿಯದ ತುತ್ತು

ತುತ್ತನ್ನು ಬಾಯಿಗಿಡುವವರೆಗೆ ಮಾತ್ರ ಮನುಷ್ಯನ ಇಚ್ಛೆ; ಅದನ್ನು ಹೊಟ್ಟೆಗೆ ಮುಟ್ಟಿಸುವ ಹೊಣೆ ಸುಮಾರು 30 ಜೋಡಿ ಸ್ನಾಯುಗಳದು. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಅನ್ನನಾಳದ ದ್ವಾರ ತೆರೆಯುತ್ತದೆ. ಗಂಟಲಿನ ಈ ವ್ಯಾಪಾರವೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಾಯಿ, ಗಂಟಲುಗಳ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಅನೇಕರಿಗೆ ಈ ಸಹಜಕ್ರಿಯೆಯೇ ದುಸ್ಸಾಧ್ಯವಾಗುತ್ತದೆ.

ಮುಂಬಯಿಯ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಊರಿನಿಂದ ಬರುವ ಬಂಧುಗಳನ್ನು ಎರಡೇ ಕೋಣೆಗಳ ಮನೆಯಲ್ಲಿರಿಸಿಕೊಂಡು ಉಪಚರಿಸಿದ ಸಂಸಾರಗಳು ಹಲವು. "ರೋಗ ವಾಸಿಯಾಯಿತಲ್ಲ, ಇನ್ನೂ ಊಟವೇಕೆ ಸೇರದು?" ಎಂಬ ಪ್ರಶ್ನೆ ಅಲ್ಲಿ ಏಳುವುದು ಸಹಜ.

ಕಾರಣಗಳು

ಶಸ್ತ್ರಚಿಕಿತ್ಸೆಯಲ್ಲಿ ನಾಲಿಗೆಯ ಒಂದು ಭಾಗವನ್ನು ತೆಗೆದರೆ ತುತ್ತನ್ನು ಹಿಂದಕ್ಕೆ ಸಾಗಿಸುವ ಬಲ ಕುಗ್ಗುತ್ತದೆ. ವಿಕಿರಣ ಚಿಕಿತ್ಸೆಯ ವಾರಗಳಲ್ಲಿ ಬಾಯಿ ಹುಣ್ಣಾಗುತ್ತದೆ. ಜೊಲ್ಲುಗ್ರಂಥಿಗಳು ಸೊರಗಿ ಬಾಯಿ ಒಣಗುತ್ತದೆ. ಕಾಲಕ್ರಮದಲ್ಲಿ ಗಂಟಲಿನ ಸ್ನಾಯುಗಳು ಗಡುಸಾಗಬಹುದು, ದವಡೆ ಬಿಗಿಯಬಹುದು. ಕೆಲವರಲ್ಲಿ ಈ ತೊಂದರೆ ಹಲವು ವರ್ಷಗಳ ಬಳಿಕ ತಲೆದೋರುವುದೂ ಉಂಟು.

ಕೆಮ್ಮಿಲ್ಲದ ಅಪಾಯ

ಆಹಾರ ತಪ್ಪಿ ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಬರುವುದು ದೇಹದ ರಕ್ಷಣೋಪಾಯ. ಚಿಕಿತ್ಸೆಯಿಂದ ಗಂಟಲಿನ ಸಂವೇದನೆ ಮಂದವಾದವರಲ್ಲಿ ಕೆಮ್ಮೇ ಬಾರದೆ ಆಹಾರವು ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾ ತರಬಹುದು. ನೀರು ಕುಡಿದ ಮೇಲೆ ಧ್ವನಿ ತೇವಗೂಡಿದಂತಾಗುವುದು, ಪದೇ ಪದೇ ಜ್ವರ, ತೂಕ ಇಳಿತ ಇವುಗಳನ್ನು ವೈದ್ಯರಿಗೆ ತಡಮಾಡದೆ ತಿಳಿಸತಕ್ಕದ್ದು. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್‌-ರೇ ಮೂಲಕ, ಇಲ್ಲವೆ ಮೂಗಿನಿಂದ ತೆಳುವಾದ ದರ್ಶಕನಳಿಕೆಯನ್ನಿಳಿಸಿ ದೋಷವನ್ನು ಪತ್ತೆಹಚ್ಚುತ್ತಾರೆ.

ಪರಿಹಾರ

ಮಾತು ಕಲಿಸುವ ತಜ್ಞರೇ ನುಂಗುವುದನ್ನೂ ಕಲಿಸುತ್ತಾರೆಂಬುದು ಹಲವರಿಗೆ ತಿಳಿಯದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಜ್ಞರನ್ನು ತರಬೇತುಗೊಳಿಸುತ್ತಿದೆ. ವಿಕಿರಣ ಆರಂಭವಾಗುವ ಮುನ್ನವೇ ಅವರನ್ನು ಕಾಣುವುದು ಲೇಸು. ಬಳಸದ ಸ್ನಾಯು ಬಲಗುಂದುತ್ತದೆ. ಆದ್ದರಿಂದ ನಳಿಕೆಯ ಮೂಲಕ ಆಹಾರ ಕೊಡುತ್ತಿರುವಾಗಲೂ, ತಜ್ಞರು ಅನುಮತಿಸಿದಷ್ಟನ್ನು ಬಾಯಿಂದ ನುಂಗುತ್ತಿರಬೇಕು. ಗದ್ದವನ್ನು ಎದೆಯತ್ತ ಬಾಗಿಸಿ ನುಂಗುವುದು, ಉಸಿರು ಬಿಗಿಹಿಡಿದು ನುಂಗಿ ಕೂಡಲೇ ಕೆಮ್ಮುವುದು ಮುಂತಾದ ಕ್ರಮಗಳಿವೆ. ಯಾರಿಗೆ ಯಾವುದು ಹಿತವೆಂಬುದನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು.

ನೀರು ಸುಲಭವೆಂಬ ಭಾವನೆ ಎಲ್ಲರ ವಿಷಯದಲ್ಲೂ ನಿಜವಲ್ಲ. ತೆಳುವಾದ ದ್ರವ ವೇಗವಾಗಿ ಜಾರುವುದರಿಂದ ಕೆಲವರಿಗೆ ಅದೇ ಹೆಚ್ಚು ಅಪಾಯಕರ. ಅಂಥವರಿಗೆ ಹದವಾಗಿ ಮಂದವಾದ ರಾಗಿ ಗಂಜಿ, ನುಣ್ಣಗೆ ಹಿಸುಕಿದ ಒಗ್ಗರಣೆಯಿಲ್ಲದ ಮೊಸರನ್ನ ಹಿತವಾದೀತು. ಒಣ ಚಪಾತಿ, ಖಾರ ಬೇಡ. ನೆಟ್ಟಗೆ ಕುಳಿತು ಸಣ್ಣ ತುತ್ತುಗಳಲ್ಲಿ ಉಣ್ಣಬೇಕು, ಉಂಡೊಡನೆ ಮಲಗಬಾರದು. ವಿಕಿರಣ ಪಡೆದವರು ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಆ ವಿಷಯ ತಿಳಿಸಲೇಬೇಕು. ಇಲ್ಲವಾದರೆ ದವಡೆಯ ಮೂಳೆಗೆ ಅಪಾಯವಾದೀತು.

ಇಂಥವರು ಸಂಕೋಚದಿಂದ ಮದುವೆಮನೆಯ ಪಂಕ್ತಿಯನ್ನು ತೊರೆಯುತ್ತಾರೆ. ಕೊನೆಗೆ ಮನೆಯಲ್ಲೂ ಒಬ್ಬರೇ ಉಣ್ಣತೊಡಗುತ್ತಾರೆ. ಅವರನ್ನು ಅವಸರಪಡಿಸದೆ, ಊಟದ ನಡುವೆ ಮಾತಿಗೆಳೆಯದೆ, ಜೊತೆಗೆ ಕುಳಿತಿರುವುದು ಮನೆಯವರಿಂದಾಗುವ ದೊಡ್ಡ ಉಪಚಾರ. ಒಂದು ಗಂಟೆ ಹಿಡಿದರೂ ಅದು ಊಟವೇ.